ಆಪರೇಷನ್ನಿಗೂ ಮೊದಲು ಕಮೋಡ್ ಕುರ್ಚಿ: ಟ್ರಾನ್ಸ್ ಪುರುಷರ ಬಾಟಮ್ ಸರ್ಜರಿಗೆ ಕೆಲವು ಸೂತ್ರಗಳು

ಹಣ ಕೂಡಿಸಿದ್ದಾಯಿತು, ಹದಿನೈದು ದಿನ ರಜೆ ಸಿಕ್ಕಿತು, ಇನ್ನೇನು ಹೋಗಿ ಮಲಗುವುದಷ್ಟೇ ಎಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಬಾಟಮ್ ಸರ್ಜರಿ, ಅಂದರೆ ಜನನಾಂಗದ ಆಪರೇಷನ್, ಎಷ್ಟೋ ಸಲ ಎರಡು ಮೂರು ವರ್ಷದ ಕ್ಯಾಲೆಂಡರು. ಅದನ್ನು ಕೊನೆಯ ಪುಟದಿಂದ, ಅಂದರೆ ಚೇತರಿಕೆಯಿಂದ, ತುಂಬಿಕೊಂಡು ಬಂದವರಿಗೆ ಪೇಚಾಟ ಕಡಿಮೆ.

1. ಬೇಕೇ ಬೇಕಾ, ಕೇಳಿಕೊಳ್ಳಿ. ಎದೆಯ ಆಪರೇಷನ್ನಿಗೇ ನಿಲ್ಲಿಸಿದವರಿದ್ದಾರೆ, ‘ಟಿ’ (ಟೆಸ್ಟೊಸ್ಟೆರಾನ್) ಇಂಜೆಕ್ಷನ್ ಸಾಕೆಂದವರಿದ್ದಾರೆ, ಅವರ ಗಂಡಸುತನಕ್ಕೇನೂ ಕುಂದಿಲ್ಲ. ಲಿಂಗ ಗುರುತಿಗಾಗಿ ಆಪರೇಷನ್ ಆಗಲೇಬೇಕೆಂದು ಪಟ್ಟು ಹಿಡಿಯುವುದು ಅನೈತಿಕ, ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲೇ ಹೇಳಿದೆ.

2. ಆಸೆಗಳನ್ನು ಬರೆದು ಸಾಲಾಗಿ ಜೋಡಿಸಿ. ನಿಂತು ಮೂತ್ರ ಮಾಡಬೇಕೆ? ಸ್ಪರ್ಶಸುಖ ಉಳಿಯುವುದು ಎಲ್ಲಕ್ಕಿಂತ ಮುಖ್ಯವೆ? ಸಂಭೋಗಕ್ಕೆ ಒದಗಬೇಕೆ? ಕೈಮೇಲೆ ಮೊಣಕೈವರೆಗಿನ ಕಲೆ ಜೀವನಪೂರ್ತಿ ಇದ್ದರೆ ಪರವಾಗಿಲ್ಲವೆ? ಯಾವ ಆಪರೇಷನ್ ಎಂಬುದನ್ನು ಈ ಉತ್ತರಗಳೇ ಹೇಳುತ್ತವೆ. ಮೆಟೊಯಿಡಿಯೊಪ್ಲಾಸ್ಟಿಯಲ್ಲಿ, ಟೆಸ್ಟೊಸ್ಟೆರಾನ್‌ನಿಂದ ಬೆಳೆದ ನಿಮ್ಮದೇ ಅಂಗವನ್ನು ಸುತ್ತಲಿನ ಕಟ್ಟಿನಿಂದ ಬಿಡಿಸಿ ಮುಂದಕ್ಕೆ ತರುತ್ತಾರೆ. ಚಿಕ್ಕದು, ಆದರೆ ತಾನಾಗಿ ನಿಮಿರುತ್ತದೆ, ಸಂವೇದನೆ ಚೆನ್ನಾಗಿ ಉಳಿಯುತ್ತದೆ. ಇದಕ್ಕೆ ವರ್ಷ, ಎರಡು ವರ್ಷ ‘ಟಿ’ ತೆಗೆದುಕೊಂಡಿದ್ದರೆ ಒಳ್ಳೆಯದು. ಫ್ಯಾಲೊಪ್ಲಾಸ್ಟಿಯಲ್ಲಿ ಮುಂದೋಳು, ತೊಡೆ ಅಥವಾ ಬೆನ್ನಿನ ಚರ್ಮ ಮಾಂಸ ತೆಗೆದು ಹೊಸ ಶಿಶ್ನ ಕಟ್ಟುತ್ತಾರೆ. ಗಾತ್ರ ಸಿಗುತ್ತದೆ, ಆದರೆ ನಿಮಿರಲು ಆಮೇಲೆ ಒಳಗೊಂದು ಸಾಧನ ಕೂರಿಸಬೇಕು, ಅದೂ ಸ್ಪರ್ಶ ಮರಳಿದ ಮೇಲೆ, ಸಾಮಾನ್ಯವಾಗಿ ವರ್ಷದ ಹೊತ್ತಿಗೆ. ಮೊದಲನೆಯದನ್ನು ಮಾಡಿಸಿಕೊಂಡವರು ಮುಂದೆ ಎರಡನೆಯದಕ್ಕೆ ಹೋಗಬಹುದು. ತೀರ್ಮಾನ ಆಗದೆ ಒದ್ದಾಡುವವರಿಗೆ ಇದು ದೊಡ್ಡ ಸಮಾಧಾನ.

3. ಕಂತುಗಳನ್ನು ಎಣಿಸಿ. ಬ್ರಿಟನ್ನಿನ ಟ್ರಾನ್ಸ್ ಪುರುಷ ಮೈಕೇಲ್ ಡಿಲನ್‌ಗೆ ಹೆರಾಲ್ಡ್ ಗಿಲ್ಲೀಸ್ ಎಂಬ ಸರ್ಜನ್ 1946ರಿಂದ 1949ರವರೆಗೆ ಮಾಡಿದ ಆಪರೇಷನ್ನುಗಳು ಕಡಿಮೆಯೆಂದರೂ 13. ಸೂಕ್ಷ್ಮ ರಕ್ತನಾಳಗಳನ್ನು ಹೊಲಿಯುವ ಕಲೆ ಬಂದ ಮೇಲೆ ಫ್ಯಾಲೊಪ್ಲಾಸ್ಟಿಯ ಲೆಕ್ಕ ಬಹಳ ಇಳಿದಿದೆ, ಆದರೂ ಸಾಮಾನ್ಯವಾಗಿ ಒಂದಕ್ಕೇ ಮುಗಿಯುವುದಿಲ್ಲ. ರಜೆಯನ್ನೂ ಹಣವನ್ನೂ ಎರಡನೇ, ಮೂರನೇ ಕಂತಿಗೆ ಎತ್ತಿಡಿ.

4. ಮೂತ್ರನಾಳದ ವಿಷಯಕ್ಕೆ ಒಂದು ದಿನ ಪ್ರತ್ಯೇಕ ಕೊಡಿ. ಈ ಸರ್ಜರಿಯ ತಲೆನೋವುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ನಿಂತು ಮೂತ್ರ ಮಾಡಲೆಂದು ಉದ್ದ ಮಾಡಿದ ನಾಳ ಎಲ್ಲೋ ತೂತುಬಿದ್ದು ಸೋರಬಹುದು, ಅದು ಫಿಸ್ಟುಲಾ. ಇಲ್ಲವೇ ಕಿರಿದಾಗಿ ಮೂತ್ರ ಕಟ್ಟಬಹುದು, ಅದು ಸ್ಟ್ರಿಕ್ಚರ್. ಎರಡನ್ನೂ ಸರಿಪಡಿಸಬಹುದು, ಆದರೆ ಎಷ್ಟೋ ಸಲ ಮತ್ತೆ ಥಿಯೇಟರಿಗೇ ಹೋಗಬೇಕು. ನಾಳ ಉದ್ದ ಮಾಡಿಸದೆಯೂ ಮೆಟೊಯಿಡಿಯೊಪ್ಲಾಸ್ಟಿಯನ್ನಾಗಲಿ ಫ್ಯಾಲೊಪ್ಲಾಸ್ಟಿಯನ್ನಾಗಲಿ ಮಾಡಿಸಿಕೊಳ್ಳಬಹುದು. ಕೂತೇ ಮೂತ್ರ ಮಾಡುತ್ತೇನೆ, ನನಗೇನೂ ಬೇಸರವಿಲ್ಲ ಎನ್ನುವವರಿಗೆ ಅರ್ಧ ಅಪಾಯ ಅಲ್ಲೇ ಕಳೆಯಿತು. ನನ್ನನ್ನು ಕೇಳಿದರೆ ಇದನ್ನು ಸೋಲೆಂದು ನೋಡಬೇಡಿ. ಉದ್ದ ಮಾಡಿಸುವುದೇ ಆದರೆ ಯೋನಿಮಾರ್ಗ ಮುಚ್ಚಿಸುವ ಮಾತು ಜೊತೆಗೇ ಬರುತ್ತದೆ, ಮುಚ್ಚಿಸಿದರೆ ಫಿಸ್ಟುಲಾ ಕಡಿಮೆ.

5. ಗರ್ಭಕೋಶ, ಅಂಡಾಶಯದ ತೀರ್ಮಾನ ಮೊದಲೇ ಆಗಲಿ. ಮುಂದೆಂದಾದರೂ ನಿಮ್ಮ ರಕ್ತದ ಮಗು ಬೇಕೆನಿಸಬಹುದೇ? ಹಾಗಿದ್ದರೆ ಅಂಡಾಶಯ ತೆಗೆಸುವ ಮುಂಚೆ ಅಂಡಾಣು ಕೆಡದಂತೆ ಇಡಿಸುವ ಬಗ್ಗೆ ಮಾತಾಡಿ. ಎರಡೂ ಅಂಡಾಶಯ ತೆಗೆಸಿದ ಮೇಲೆ ‘ಟಿ’ ಮನಸ್ಸಿಗೆ ಬಂದಾಗ ನಿಲ್ಲಿಸುವಂತಿಲ್ಲ, ಮೂಳೆ ಸವೆಯುತ್ತದೆ.

6. ಕೊಡುವ ಕೈಯನ್ನು ಕಾಪಾಡಿ. ಮುಂದೋಳಿನ ಚರ್ಮ ತೆಗೆಯುವುದಿದ್ದರೆ ಸಾಮಾನ್ಯವಾಗಿ ಬರೆಯದ ಕೈಯದೇ. ಆ ಕೈಗೆ ರಕ್ತ ತೆಗೆಯಲು, ಡ್ರಿಪ್ ಹಾಕಲು ಬಿಡಬೇಡಿ. ನಾಳವಾಗುವ ಭಾಗದ ಕೂದಲನ್ನು ಲೇಸರ್ ಇಲ್ಲವೇ ಎಲೆಕ್ಟ್ರಾಲಿಸಿಸ್‌ನಿಂದ ತೆಗೆಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಬೇಗ ಶುರುಮಾಡಿ. ಒಳಗೆ ಕೂದಲು ಬೆಳೆದರೆ ಮೂತ್ರ ಕಟ್ಟುವುದೂ ಉಂಟು, ಕಲ್ಲಾಗುವುದೂ ಉಂಟು. ಇನ್ನು ಸಿಗರೇಟು, ಬೀಡಿ, ಗುಟ್ಕಾ, ಹೊಗೆಸೊಪ್ಪು: ನಿಕೋಟಿನ್ ರಕ್ತನಾಳವನ್ನು ಹಿಂಡುತ್ತದೆ, ಕಸಿ ಮಾಡಿದ ಮಾಂಸ ಸಾಯಬಹುದು. ಇಲ್ಲಿ ಒಂದೇ ಒಂದು ಅಂತ ರಿಯಾಯಿತಿ ಇಲ್ಲ.

7. ಸರ್ಜನ್ನರನ್ನು ಸಂದರ್ಶನ ಮಾಡಿ. ಇದೇ ಆಪರೇಷನ್ ಎಷ್ಟು ಮಾಡಿದ್ದೀರಿ ಸರ್? ಎಷ್ಟು ಜನರಿಗೆ ನಾಳ ಸೋರಿತು? ತಂಡದಲ್ಲಿ ಯೂರಾಲಜಿಸ್ಟ್ ಯಾರು? ವರ್ಷ ಕಳೆದ ಮೇಲಿನ ಫೋಟೋ ಇದೆಯೇ? ರಿಪೇರಿ ಆಪರೇಷನ್ನಿನ ಖರ್ಚು ಪ್ಯಾಕೇಜಿನಲ್ಲಿದೆಯೇ? ನನ್ನನ್ನು ಯಾವ ವಾರ್ಡಿನಲ್ಲಿ ಮಲಗಿಸುತ್ತೀರಿ? ಕೊನೆಯ ಪ್ರಶ್ನೆಗೆ ಅಡ್ಮಿಷನ್ ಕೌಂಟರಿನಲ್ಲಿ ನಿಂತು ಉತ್ತರ ಹುಡುಕುವ ಹಾಗಾಗಬಾರದು. ಪ್ರಶ್ನೆಗೆ ಸಿಡುಕುವವರಿಗೆ ದೂರದಿಂದಲೇ ನಮಸ್ಕಾರ.

8. ಕಾಗದಪತ್ರದ ಹೆಸರು ಒಂದೇ ಇರಲಿ. ಆಧಾರ್, ವಿಮೆ, ಡಿಸ್ಚಾರ್ಜ್ ಸಮ್ಮರಿ ಮೂರರಲ್ಲೂ. ವಿಶ್ವಮಟ್ಟದ ವೈದ್ಯರ ಸಂಘಟನೆ ಡಬ್ಲ್ಯುಪಾಥ್‌ನ 2022ರ ಮಾರ್ಗಸೂಚಿ, ಹಾರ್ಮೋನ್ ಬೇಕಾದವರು ಜನನಾಂಗದ ಸರ್ಜರಿಗೆ ಮುಂಚೆ ಕನಿಷ್ಠ 6 ತಿಂಗಳು ಅದನ್ನು ತೆಗೆದುಕೊಂಡಿರಲಿ, ತಜ್ಞರ ಒಂದು ಪತ್ರ ಸಾಕು ಎನ್ನುತ್ತದೆ. ನಿಮ್ಮ ಆಸ್ಪತ್ರೆ ಎರಡು ಕೇಳಿದರೆ ಎರಡೂ ತೆಗೆದಿಟ್ಟುಕೊಳ್ಳಿ, ವಾದಕ್ಕೆ ಆಮೇಲೆ ಸಮಯವಿದೆ. ಆಯುಷ್ಮಾನ್ ಭಾರತ್ ಟಿಜಿ ಪ್ಲಸ್‌ಗೆ 2022ರ ಆಗಸ್ಟ್‌ನಲ್ಲಿ ಒಪ್ಪಂದವಾಗಿ, ವರ್ಷಕ್ಕೆ 5 ಲಕ್ಷದ ರಕ್ಷಣೆ ಎಂದು ಘೋಷಿಸಿದ್ದಾರೆ. ನೀವು ಹೋಗುವ ಆಸ್ಪತ್ರೆಯಲ್ಲಿ, ನಿಮ್ಮ ಆಪರೇಷನ್ನಿಗೆ ಅದು ನಡೆಯುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವವರೆಗೆ ಆ ಹಣವನ್ನು ಲೆಕ್ಕಕ್ಕೆ ಹಿಡಿಯಬೇಡಿ.

9. ಮನೆ ಸಜ್ಜು ಮಾಡಿ. ತೊಡೆಯ ಚರ್ಮ ತೆಗೆದಿದ್ದಾರೆ, ಹೊಟ್ಟೆಯಿಂದ ಕೆಥೆಟರ್ ನೇತಾಡುತ್ತಿದೆ. ಇಂಡಿಯನ್ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಹೇಗೆ ಕೂರುತ್ತೀರಿ? ಮೆಡಿಕಲ್ ಅಂಗಡಿಯಲ್ಲಿ ಕಮೋಡ್ ಕುರ್ಚಿ ಸಿಗುತ್ತದೆ, ಆಪರೇಷನ್ನಿಗೆ ಮುಂಚೆಯೇ ತನ್ನಿ. ಕೆಲವು ನೋವಿನ ಮಾತ್ರೆ ಮಲಬದ್ಧತೆ ತರುತ್ತವೆ, ತಿಣುಕುವ ಹಾಗಿಲ್ಲ. ರಾಗಿ ಅಂಬಲಿ, ಸೊಪ್ಪಿನ ಸಾರು, ಬೇಕಾದಷ್ಟು ನೀರು. ಕಲಬುರಗಿ ಕಡೆಯವರು ಏಪ್ರಿಲ್, ಮೇ ತಿಂಗಳ ತಾರೀಖು ಬೇಡವೆನ್ನಿ, ಬೆವರಿನಲ್ಲಿ ಡ್ರೆಸಿಂಗ್ ನಿಲ್ಲದು. ಊರು ದೂರವಿದ್ದರೆ ಮೊದಲ ಕೆಲವು ವಾರ ಆಸ್ಪತ್ರೆಯ ಹತ್ತಿರವೇ ರೂಮು ಹಿಡಿಯಿರಿ. ಜೊತೆಗಿರುವವರು ಇಬ್ಬರಿರಲಿ, ಒಬ್ಬರು ನಿದ್ದೆ ಮಾಡಬೇಕಲ್ಲ. ಅಮ್ಮನಿಗೆ ಹೇಳಿಲ್ಲವಾದರೆ ಆಸ್ಪತ್ರೆಯಿಂದ ಫೋನ್ ಯಾರಿಗೆ ಹೋಗಬೇಕೆಂದು ಫಾರಂನಲ್ಲಿ ಸ್ಪಷ್ಟವಾಗಿ ಬರೆಸಿ.

10. ಪರ್ಸಿನಲ್ಲಿ ಒಂದು ಚೀಟಿ. ಮೂತ್ರ ಕಟ್ಟಿ ನಡುರಾತ್ರಿ ಯಾವುದೋ ಊರಿನ ಆಸ್ಪತ್ರೆಗೆ ಹೋದರೆ ಅಲ್ಲಿನ ಡ್ಯೂಟಿ ಡಾಕ್ಟರು ಇಂಥದ್ದನ್ನು ನೋಡಿರಲಿಕ್ಕಿಲ್ಲ. ನಿಮ್ಮ ಸರ್ಜನ್ನರಿಂದ ಸಹಿ ಹಾಕಿಸಿ ಲ್ಯಾಮಿನೇಟ್ ಮಾಡಿಸಿಡಿ: ಇವರ ಮೂತ್ರನಾಳ ಹೊಸದಾಗಿ ಕಟ್ಟಿದ್ದು, ಅಂದಾಜಿನ ಮೇಲೆ ಕೆಥೆಟರ್ ತೂರಿಸಬೇಡಿ, ಮೊದಲು ಈ ನಂಬರಿಗೆ ಫೋನ್ ಮಾಡಿ.