ರದ್ದಿಗೆ ಹೋದ ಎರಡು ಡಬ್ಬ, ಮಾತು ಬಿಟ್ಟ ಮಗ

ಪ್ರಶ್ನೆ: ನಾನು ಗೃಹಿಣಿ. ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ಈಗ ನಿವೃತ್ತರು. ಒಬ್ಬನೇ ಮಗ, ವಯಸ್ಸು 29, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಕುಡಿತವಿಲ್ಲ, ಸಿಗರೇಟಿಲ್ಲ, ತಿಂಗಳು ತಿಂಗಳು ತಪ್ಪದೆ ದುಡ್ಡು ಕಳಿಸುತ್ತಾನೆ. ಆದರೆ ಅವನ ಹುಚ್ಚು ಮಾತ್ರ ನಮಗೆ ಅರ್ಥವಾಗುವುದಿಲ್ಲ. ಮಹಡಿ ಮೇಲಿನ ಅವನ ಕೋಣೆ ತುಂಬ ಇಂಗ್ಲಿಷ್ ಕಾಮಿಕ್ಸು. ಅದರಲ್ಲೂ ಸತ್ತವರು ಎದ್ದು ಬಂದು ಮನುಷ್ಯರನ್ನು ತಿನ್ನುವ ಜಾಂಬಿ ಕಥೆಗಳೇ ಜಾಸ್ತಿ. ‘ಫೈರ್‌ಫ್ಲೈ’ ಅಂತ ಯಾವುದೋ ಅಮೆರಿಕದ ಸೀರಿಯಲ್ಲು, ಇಪ್ಪತ್ತು ವರ್ಷದ ಹಿಂದೆಯೇ ನಿಂತು ಹೋಗಿದೆಯಂತೆ. ಊರಿಗೆ ಬಂದಾಗಲೆಲ್ಲ ಅದನ್ನೇ ಹಾಕಿಕೊಂಡು ಕೂರುತ್ತಾನೆ, ನಿಲ್ಲಿಸಿಬಿಟ್ಟರಲ್ಲ ಅಂತ ಇವತ್ತಿಗೂ ಬೇಜಾರು ಮಾಡಿಕೊಳ್ಳುತ್ತಾನೆ. ಎರಡು ವರ್ಷದಿಂದ ಹೆಣ್ಣು ಹುಡುಕುತ್ತಿದ್ದೇವೆ. ಹೋದ ತಿಂಗಳು ಹುಡುಗಿ ಕಡೆಯವರು ಮನೆ ನೋಡಲು ಬರುತ್ತಾರೆ ಅಂತಾದಾಗ, ಯಜಮಾನರು ಅವನಿಗೆ ಒಂದು ಮಾತೂ ಹೇಳದೆ ಎರಡು ರಟ್ಟಿನ ಡಬ್ಬ ಪುಸ್ತಕಗಳನ್ನು ಹಳೇ ಪೇಪರಿನವನಿಗೆ ಹಾಕಿಬಿಟ್ಟರು. ಅವತ್ತಿನಿಂದ ಅಪ್ಪನ ಜೊತೆ ಅವನಿಗೆ ಮಾತಿಲ್ಲ. ನಾನು ಫೋನ್ ಮಾಡಿದರೆ ‘ಊಟ ಆಯ್ತಮ್ಮ’ ಎಂದು ಇಟ್ಟುಬಿಡುತ್ತಾನೆ. ‘ಬೊಂಬೆ ಪುಸ್ತಕಕ್ಕೋಸ್ಕರ ಹೆತ್ತಪ್ಪನ ಮೇಲೆ ಕೋಪವೇ’ ಎಂದು ಇವರೂ ಬಿಗಿದುಕೊಂಡು ಕೂತಿದ್ದಾರೆ. ನನ್ನ ಮಗನ ಮನಸ್ಸು ಸರಿಯಿಲ್ಲವೇ? ಡಾಕ್ಟರಿಗೆ ತೋರಿಸಬೇಕೇ?
— ಒಬ್ಬ ತಾಯಿ, ತಿಪಟೂರು

ಉತ್ತರ: ತಾಯಿ, ನೀವು ಬರೆದಿರುವುದರಲ್ಲಿ ನಿಮ್ಮ ಮಗನ ಮನಸ್ಸಿಗೆ ಕಾಯಿಲೆ ಇದೆ ಎಂದು ಹೇಳುವಂಥದ್ದು ನನಗೇನೂ ಕಾಣಲಿಲ್ಲ. ನೆಟ್ಟಗೆ ಕೆಲಸ ಮಾಡುತ್ತಾನೆ, ಮನೆಯ ಜವಾಬ್ದಾರಿ ಗೊತ್ತಿದೆ, ಅಪ್ಪನ ಮೇಲೆ ಸಿಟ್ಟಿದ್ದರೂ ಅಮ್ಮನ ಫೋನ್ ತೆಗೆಯುತ್ತಾನೆ. ಕೋಪ ಬಂದಿದೆ, ಬರಬೇಕಾದ್ದೇ. ನಿಮ್ಮ ಮನೆಗೆ ಈಗ ಬಂದಿರುವ ಕಷ್ಟ ಜಾಂಬಿಗಳದ್ದಲ್ಲ, ಆ ಎರಡು ಡಬ್ಬಗಳದ್ದು. ಆದ್ದರಿಂದ ಮೊದಲು ಅದರ ಮಾತಾಡೋಣ.

ಆ ಡಬ್ಬಗಳಲ್ಲಿ ಏನಿತ್ತೆಂದು ನನಗೆ ಗೊತ್ತಿಲ್ಲ. ಜಾಂಬಿ ಕಥೆಯ ಅಭಿಮಾನಿ ಎಂದ ಮೇಲೆ ‘ದ ವಾಕಿಂಗ್ ಡೆಡ್’ ಇದ್ದಿರಬಹುದು. ರಾಬರ್ಟ್ ಕಿರ್ಕ್‌ಮನ್ ಬರೆದ ಈ ಕಾಮಿಕ್ 2003ರಲ್ಲಿ ಶುರುವಾಗಿ 2019ರಲ್ಲಿ 193ನೇ ಸಂಚಿಕೆಗೆ ಮುಗಿಯಿತು. ಅದು ಮುಗಿಯುವ ಹೊತ್ತಿಗೆ ನಿಮ್ಮ ಮಗ ಕೆಲಸಕ್ಕೆ ಸೇರಿದ ಹೊಸತಲ್ಲಿದ್ದ ಎಂದುಕೊಳ್ಳಿ. ಇಂಥ ಉದ್ದನೆಯ ಕಥೆಯನ್ನು ಓದುವವರು ಒಂದೇ ಸಲಕ್ಕೆ ಎಲ್ಲವನ್ನೂ ಕೊಳ್ಳುವುದಿಲ್ಲ. ಮೊದಲ ಸಂಬಳದಲ್ಲಿ ಒಂದು, ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಒಂದು, ಗೆಳೆಯ ಊರು ಬಿಡುವಾಗ ಕೊಟ್ಟು ಹೋದದ್ದು ಒಂದು, ಹೀಗೆ ಕೂಡಿಸುತ್ತಾರೆ. ಯಾವುದು ಯಾವಾಗ ಸಿಕ್ಕಿತು, ಆಗ ಜೊತೆಯಲ್ಲಿ ಯಾರಿದ್ದರು ಎಂಬುದೆಲ್ಲ ಅವರಿಗೆ ನೆನಪಿರುತ್ತದೆ. ಅದನ್ನು ತೂಕಕ್ಕೆ ಹಾಕಿದರೆ ಪುಸ್ತಕದ ಬೆಲೆಯಷ್ಟೇ ಹೋಯಿತು ಎಂದು ಅವನಿಗೆ ಅನ್ನಿಸುವುದಿಲ್ಲ. ಈ ಮನೆಯಲ್ಲಿ ನನ್ನದು ಎಂಬುದಕ್ಕೆ ಜಾಗವಿಲ್ಲ ಎಂದೇ ಅನ್ನಿಸುತ್ತದೆ. ಇಪ್ಪತ್ತೊಂಬತ್ತು ವರ್ಷದ ಮಗ ಅಪ್ಪನ ಪಂಚಾಂಗವನ್ನೋ ಗಣಿತದ ನೋಟ್ಸನ್ನೋ ಕೇಳದೆ ರದ್ದಿಗೆ ಹಾಕಿದ್ದರೆ ನಿಮ್ಮ ಯಜಮಾನರು ಎಷ್ಟು ದಿನ ಮಾತು ಬಿಡುತ್ತಿದ್ದರು?

ಹಾಗೆಂದು ಅವರನ್ನು ನಾನು ಕೆಟ್ಟವರೆನ್ನುತ್ತಿಲ್ಲ. ಅವರು ಮೇಷ್ಟ್ರು. ಮಕ್ಕಳು ಕೆಟ್ಟದ್ದನ್ನು ಓದಿ ಕೆಡಬಾರದೆಂಬ ಕಾಳಜಿಯಲ್ಲೇ ಜೀವಮಾನ ಕಳೆದವರು. ಅವರಂಥವರೇ ಇನ್ನೊಬ್ಬರ ಕಥೆಯನ್ನು ಅವರಿಗೆ ಓದಿ ಹೇಳಿ. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ನ್ಯೂಯಾರ್ಕಿನಲ್ಲಿದ್ದರು. ಕಪ್ಪು ಜನರಿಗೆ ಮನೋವೈದ್ಯರ ಹತ್ತಿರ ಹೋಗಲು ದಾರಿಯೇ ಇಲ್ಲದ ಕಾಲದಲ್ಲಿ, 1946ರಲ್ಲಿ, ಹಾರ್ಲೆಮ್ ಬಡಾವಣೆಯಲ್ಲಿ ಅವರಿಗಾಗಿ ಚಿಕಿತ್ಸಾಲಯ ತೆರೆದರು. ಕಪ್ಪು ಮಕ್ಕಳನ್ನು ಬೇರೆ ಶಾಲೆಗೆ ಹಾಕುವುದರಿಂದ ಆ ಮಕ್ಕಳ ಮನಸ್ಸಿಗೆ ಆಗುವ ಗಾಯದ ಬಗ್ಗೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. ದೊಡ್ಡ ಮನುಷ್ಯ. ಆದರೆ ತಮ್ಮ ಬಳಿ ಬರುತ್ತಿದ್ದ ತುಂಟ, ನೊಂದ ಹುಡುಗರ ಕೈಯಲ್ಲೆಲ್ಲ ಕಾಮಿಕ್ ಪುಸ್ತಕ ಇದ್ದದ್ದನ್ನು ನೋಡಿ, ಹುಡುಗರು ಕೆಡುವುದಕ್ಕೆ ಅದೇ ಕಾರಣ ಎಂಬ ತೀರ್ಮಾನಕ್ಕೆ ಬಂದುಬಿಟ್ಟರು. 1954ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಅದಕ್ಕೂ ಮೊದಲೇ ಅಮೆರಿಕದ ಕೆಲವು ಊರುಗಳಲ್ಲಿ ಶಾಲೆಯವರೂ ತಂದೆತಾಯಂದಿರೂ ಸೇರಿ ಕಾಮಿಕ್ಸ್ ರಾಶಿ ಹಾಕಿ ಸುಟ್ಟಿದ್ದರು. ಪುಸ್ತಕ ಬಂದ ವರ್ಷವೇ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಬೆದರಿದ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡರು. ಪಿಶಾಚಿ ಬೇಡ, ನಡೆದಾಡುವ ಹೆಣ ಬೇಡ. 1971ರಲ್ಲಿ ನಿಯಮ ಸಡಿಲಿಸಿ ರಕ್ತಪಿಶಾಚಿಗಳನ್ನು ಒಳಗೆ ಬಿಟ್ಟಾಗಲೂ ಜಾಂಬಿ ಮಾತ್ರ ಹೊರಗೇ ಉಳಿಯಿತು.

ಮುಂದಿನದು ಗಣಿತದ ಮೇಷ್ಟ್ರಿಗೆ ಮನವರಿಕೆಯಾಗುವ ಮಾತು. ವರ್ಥಮ್ ತೀರಿಕೊಂಡ ಮೇಲೆ ಅವರ ಕಾಗದಪತ್ರಗಳು ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿ ಬಹುಕಾಲ ಮುಚ್ಚಿಟ್ಟಂತೆಯೇ ಇದ್ದವು. ಅವು ತೆರೆದ ಮೇಲೆ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ ಪುಸ್ತಕವನ್ನೂ ಮೂಲ ಟಿಪ್ಪಣಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ಮಕ್ಕಳ ಮಾತನ್ನು ತಿರುಚಿದ್ದು, ಒಬ್ಬನದನ್ನು ಇನ್ನೊಬ್ಬನ ಬಾಯಲ್ಲಿ ಇಟ್ಟದ್ದು, ಆ ಹುಡುಗರ ಮನೆಯ ಹೊಡೆತ, ಬಡತನದ ವಿವರ ಬಿಟ್ಟದ್ದು ಎಲ್ಲ ಹೊರಬಿತ್ತು. 2012ರಲ್ಲಿ ಅವರು ಅದನ್ನು ಪ್ರಕಟಿಸಿದರು. ಕಾಳಜಿ ನಿಜವಾದದ್ದೇ, ಲೆಕ್ಕ ಮಾತ್ರ ತಪ್ಪು. ಹುಡುಗನ ಕೈಯಲ್ಲಿರುವ ಪುಸ್ತಕವನ್ನು ನೋಡುವ ಭರದಲ್ಲಿ ಹುಡುಗನನ್ನೇ ನೋಡದೆ ಹೋದರು.

‘ಬೊಂಬೆ ಪುಸ್ತಕ’ ಎಂಬ ಮಾತಿಗೂ ಒಂದು ಉತ್ತರ ಇದೆ. ನಿಮ್ಮಿಬ್ಬರ ಪೀಳಿಗೆ ಓದಿ ಬೆಳೆದ ಅಮರ ಚಿತ್ರಕಥೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ, ಬೆಂಗಳೂರಿನಲ್ಲಿ. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಕ್ಕಳ ಕಥೆಗಳ ಕನ್ನಡ ರೂಪ. ಕಾರ್ಕಳದ ಅನಂತ ಪೈ ಅವರ ‘ಕೃಷ್ಣ’ ಬಂದದ್ದು ಆಮೇಲೆ. ಅದಕ್ಕೇ ಅದರ ಕ್ರಮಸಂಖ್ಯೆ 11. ಇನ್ನು ನಡೆದಾಡುವ ಹೆಣದ ವಿಷಯ. ಚಂದಮಾಮದಲ್ಲಿ ತಿಂಗಳು ತಿಂಗಳು ವಿಕ್ರಮ ಹೆಗಲ ಮೇಲೆ ಹೊತ್ತು ತರುತ್ತಿದ್ದುದೂ ಹೆಣವನ್ನೇ, ಅದು ಮಾತಾಡುತ್ತಲೂ ಇತ್ತು. ಅದನ್ನು ಓದಿ ನೀವ್ಯಾರೂ ಕೆಡಲಿಲ್ಲ.

ಈಗ ಮಾಡಬೇಕಾದ್ದು. ಇವತ್ತೇ ಆ ಹಳೇ ಪೇಪರಿನವನನ್ನು ಹುಡುಕಿ, ಡಬ್ಬ ಯಾರಿಗೆ ಕೊಟ್ಟ ಎಂದು ಕೇಳಿ. ಗಟ್ಟಿ ರಟ್ಟಿನ, ಬಣ್ಣದ ಪುಸ್ತಕಗಳನ್ನು ಅವರು ಎಷ್ಟೋ ಸಲ ಕಾಗದದ ಜೊತೆ ತೂಗಿಸದೆ ಬೇರೆ ತೆಗೆದು ಹಳೆ ಪುಸ್ತಕದ ವ್ಯಾಪಾರಿಗಳಿಗೆ ಮಾರುವುದುಂಟು. ತಿಂಗಳಾಗಿದೆ, ಸಿಗದೆಯೂ ಹೋಗಬಹುದು. ಆದರೆ ಅಪ್ಪ ಗುಜರಿ ಅಂಗಡಿ ಮೆಟ್ಟಿಲು ಹತ್ತಿ ಹುಡುಕಿದರು ಎಂಬ ಸುದ್ದಿ ಸಿಕ್ಕ ಪುಸ್ತಕಕ್ಕಿಂತ ದೊಡ್ಡದು. ಆಮೇಲೆ ನಿಮ್ಮ ಯಜಮಾನರೇ ಫೋನ್ ಮಾಡಬೇಕು. ನೀವು ಮಧ್ಯೆ ನಿಂತು ‘ಅಪ್ಪನಿಗೆ ಬೇಜಾರಾಗಿದೆ ಕಣೋ’ ಎನ್ನುವುದು ಬೇಡ, ವಾಟ್ಸ್ಆ್ಯಪ್ಪೂ ಬೇಡ. ‘ನಿನ್ನನ್ನು ಕೇಳದೆ ಹಾಕಿದ್ದು ತಪ್ಪಾಯಿತು’ ಎಂದರೆ ಸಾಕು. ಅದರ ಹಿಂದೆ ‘ಆದರೆ ನೀನೂ...’ ಎಂದು ಸೇರಿಸಿದರೆ ಹೇಳಿದ್ದೆಲ್ಲ ನೀರು ಪಾಲು. ಹೋದ ಪುಸ್ತಕಗಳ ಪಟ್ಟಿ ಕೇಳಲಿ. ತಾವೇ ಅಂದಾಜಿನ ಮೇಲೆ ಏನೋ ಒಂದು ಕೊಂಡು ತರುವುದು ಬೇಡ. ಯಾವುದು ಮತ್ತೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಅವನಿಗೇ ಗೊತ್ತು. ಅಪ್ಪ ಮಗನ ಹತ್ತಿರ ತಪ್ಪೊಪ್ಪಿಕೊಳ್ಳುವುದು ನಮ್ಮ ಮನೆಗಳಲ್ಲಿ ರೂಢಿಯಿಲ್ಲ, ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಬೇರೆ ದಾರಿ ಇಲ್ಲ.

ಇನ್ನು ಅವನ ಹುಚ್ಚಿನ ಮಾತು. ಜಾಂಬಿ ಕಥೆ ಹೆಣದ ಕಥೆ ಎಂದುಕೊಂಡಿದ್ದೀರಿ. ಆ ಪ್ರಕಾರಕ್ಕೆ ಇವತ್ತಿನ ರೂಪ ಕೊಟ್ಟದ್ದು ಜಾರ್ಜ್ ರೊಮೆರೊ 1968ರಲ್ಲಿ ತೆಗೆದ ‘ನೈಟ್ ಆಫ್ ದ ಲಿವಿಂಗ್ ಡೆಡ್’. ಹೊರಗೆ ಸತ್ತವರು ಮುತ್ತಿದ್ದಾರೆ, ಒಳಗೆ ಒಂದು ಮನೆಯಲ್ಲಿ ಏಳು ಜನ ಸಿಕ್ಕಿಬಿದ್ದಿದ್ದಾರೆ. ನೆಲಮಾಳಿಗೆಯಲ್ಲಿ ಅಡಗುವುದೋ ಮೇಲೆ ಇದ್ದು ಎದುರಿಸುವುದೋ ಎಂದು ಅವರವರಲ್ಲೇ ಜಗಳ. ಅವರನ್ನು ಮುಳುಗಿಸುವುದರಲ್ಲಿ ಆ ಜಗಳದ ಪಾಲು ಹೆಣಗಳ ಪಾಲಿಗಿಂತ ಕಡಿಮೆಯಿಲ್ಲ. ನಾಯಕನ ಪಾತ್ರಕ್ಕೆ ಕಪ್ಪು ನಟ ಡುವೇನ್ ಜೋನ್ಸ್ ಅವರನ್ನು ತೆಗೆದುಕೊಂಡದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ರಾತ್ರಿಯಿಡೀ ಬದುಕುಳಿದ ಅವನನ್ನು ಬೆಳಗ್ಗೆ ಕೊಲ್ಲುವವರು ಬದುಕಿರುವ ಜನರೇ. ಒಳ್ಳೆಯ ಜಾಂಬಿ ಕಥೆಗಳೆಲ್ಲ ಕೇಳುವುದು ಇದನ್ನೇ: ಕಾನೂನು, ಕರೆಂಟು, ಸಂಬಳ ಎಲ್ಲ ಹೋದ ಮೇಲೆ ನೀನು ಪಕ್ಕದವನನ್ನು ಹೇಗೆ ನೋಡಿಕೊಳ್ಳುತ್ತೀಯ? ಗಂಭೀರವಾದ ಪ್ರಶ್ನೆ, ಯೋಚನೆ ಮಾಡುವ ಹುಡುಗನಿಗೆ ಹಿಡಿಸುವಂಥದ್ದು. 2020ರಲ್ಲಿ ಕೋವಿಡ್ ಮೊದಲ ತಿಂಗಳುಗಳಲ್ಲಿ ಕೋಲ್ಟನ್ ಸ್ಕ್ರಿವ್ನರ್ ಎಂಬ ಸಂಶೋಧಕರು ಮತ್ತು ಜೊತೆಗಾರರು ಒಂದು ಸಮೀಕ್ಷೆ ಮಾಡಿದರು. ಜಾಂಬಿ, ಪ್ರಳಯದಂಥ ಕಥೆಗಳನ್ನು ಇಷ್ಟಪಡುವವರು ಆ ದಿನಗಳನ್ನು ಎದುರಿಸಲು ಹೆಚ್ಚು ಸಿದ್ಧರಿದ್ದಂತೆ ಅದರಲ್ಲಿ ಕಂಡಿತು. ಕಥೆಯಿಂದಲೇ ಹಾಗಾಯಿತೆಂದು ಅದರಿಂದ ಸಿದ್ಧವಾಗುವುದಿಲ್ಲ. ಕೆಡುತ್ತಾರೆಂಬ ನಿಮ್ಮ ಭಯಕ್ಕಂತೂ ಅಲ್ಲಿ ಆಧಾರ ಸಿಗುವುದಿಲ್ಲ.

ನಿಂತು ಹೋದ ಸೀರಿಯಲ್ಲಿನ ದುಃಖ ನಿಮಗೇ ಬೇಗ ಅರ್ಥವಾದೀತು. ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2020ರ ಲಾಕ್‌ಡೌನಿನಲ್ಲಿ ಅರ್ಧಕ್ಕೇ ನಿಂತಾಗ ಎಷ್ಟೋ ಮನೆಗಳಲ್ಲಿ ಹೆಂಗಸರು ಮನೆಯವರೇ ದೂರವಾದಂತೆ ಒದ್ದಾಡಿದರು. ‘ಫೈರ್‌ಫ್ಲೈ’ಗೆ ಆದದ್ದು ಇನ್ನೂ ಅನ್ಯಾಯ. 2002ರ ಸೆಪ್ಟೆಂಬರಿನಲ್ಲಿ ಫಾಕ್ಸ್ ವಾಹಿನಿಯಲ್ಲಿ ಶುರುವಾಯಿತು. ಕಂತುಗಳನ್ನು ಹಿಂದುಮುಂದಾಗಿ ಹಾಕಿದರು, ಕಥೆ ಆರಂಭವಾಗುವ ಮೊದಲ ಕಂತನ್ನೇ ಕೊನೆಗೆ ತೋರಿಸಿದರು. ತಯಾರಾಗಿದ್ದ 14ರಲ್ಲಿ 11 ಬರುವಷ್ಟರಲ್ಲಿ ಡಿಸೆಂಬರಿನಲ್ಲಿ ನಿಲ್ಲಿಸಿಯೇಬಿಟ್ಟರು. ನೋಡುಗರು ಕೈಬಿಡಲಿಲ್ಲ. ಡಿವಿಡಿ ಕೊಂಡರು, ಊರೂರಲ್ಲಿ ಸೇರಿದರು. ಅವರ ಒತ್ತಾಸೆಯಿಂದ 2005ರಲ್ಲಿ ‘ಸೆರೆನಿಟಿ’ ಎಂಬ ಸಿನಿಮಾ ಆಗಿ ಕಥೆಗೊಂದು ಮುಕ್ತಾಯ ಸಿಕ್ಕಿತು. ನೋಡುಗರು ಹೀಗೆ ಎದ್ದು ನಿಂತದ್ದು ಇದೊಂದಕ್ಕೇ ಅಲ್ಲ. 1968ರಲ್ಲಿ ಬಿಜೋ ಟ್ರಿಂಬಲ್ ಎಂಬ ಅಭಿಮಾನಿ ದಂಪತಿ ನಡೆಸಿದ ಪತ್ರ ಚಳವಳಿ ‘ಸ್ಟಾರ್ ಟ್ರೆಕ್’ ಸೀರಿಯಲ್ಲಿಗೆ ಮೂರನೆಯ ವರ್ಷ ದೊರಕಿಸಿತು. 2007ರಲ್ಲಿ ‘ಜೆರಿಕೊ’ ನಿಂತಾಗ ಅಭಿಮಾನಿಗಳು ಸಿಬಿಎಸ್ ವಾಹಿನಿಯ ಕಚೇರಿಗೆ ಸುಮಾರು 20 ಟನ್ ಕಡಲೆಕಾಯಿ ಕಳಿಸಿದರು. ಕಡೆಯ ಕಂತಿನಲ್ಲಿ ನಾಯಕ ಹೇಳುವ ಒಂದು ಮಾತಿಗೆ ಅದು ಸಂಕೇತ. ಕಂಪನಿ ಮಣಿದು ಇನ್ನೂ ಏಳು ಕಂತು ಮಾಡಿತು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಜನ ಒಂದು ಕಥೆಯ ಸಲುವಾಗಿ ಕೈಜೋಡಿಸಿದ್ದು ಇದು. ನಿಮ್ಮ ಮಗ ಆ ಬಳಗದವನು.

ಇನ್ನೊಂದು ಮಾತು, ಇದು ನನ್ನ ಊಹೆ ಅಷ್ಟೆ. ‘ಫೈರ್‌ಫ್ಲೈ’ ಕಥೆ ಇಷ್ಟು: ಯುದ್ಧದಲ್ಲಿ ಸೋತ ಕಡೆಯವನೊಬ್ಬ ಹಳೆಯ ಹಡಗಿನಂಥ ಆಕಾಶನೌಕೆಯಲ್ಲಿ ಸಣ್ಣಪುಟ್ಟ ಸಾಗಣೆ ಮಾಡುತ್ತ ಬದುಕುತ್ತಾನೆ. ಅದರಲ್ಲಿ ಒಂದೇ ಕುಟುಂಬದವರಲ್ಲದ ಒಂಬತ್ತು ಜನ, ಊಟಕ್ಕೆ ಒಂದೇ ಮೇಜು. ಜಗಳ ಆಡುತ್ತಾರೆ, ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ. ಪಿಜಿಯಲ್ಲಿ ತಟ್ಟೆ ಹಿಡಿದು ಒಬ್ಬನೇ ಉಣ್ಣುವ ಹುಡುಗ ಮನೆಗೆ ಬಂದಾಗಲೆಲ್ಲ ಇದನ್ನು ಹಾಕುತ್ತಾನೆಂದರೆ, ನಿಮ್ಮಿಬ್ಬರಲ್ಲಿ ಒಬ್ಬರಾದರೂ ಪಕ್ಕದಲ್ಲಿ ಬಂದು ಕೂರಲಿ ಎಂಬ ಆಸೆ ಅವನಿಗೆ ಇದ್ದಿರಬಹುದು. ಮುಂದಿನ ಸಲ ಬಂದಾಗ ಕೂತು ನೋಡಿ. ಇಂಗ್ಲಿಷ್ ತಿಳಿಯದಿದ್ದರೆ ಅವನನ್ನೇ ಕೇಳಿ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಎಂದೇ ಹೇಳಿ. ಒಪ್ಪಿದಂತೆ ನಟಿಸುವುದು ಅವನಿಗೆ ಗೊತ್ತಾಗಿಬಿಡುತ್ತದೆ.

ಡಾಕ್ಟರ ವಿಷಯ. ರಾತ್ರಿಯಿಡೀ ನಿದ್ದೆಗೆಡುವುದು, ಕೆಲಸಕ್ಕೆ ಹೋಗದಿರುವುದು, ಸಾಲ ಮಾಡಿ ಕೊಳ್ಳುವುದು, ಇದ್ದ ಗೆಳೆಯರನ್ನೂ ದೂರ ಮಾಡುವುದು, ಮೊದಲು ಇಷ್ಟವಿದ್ದ ಕಾಮಿಕ್ಸ್ ಕೂಡ ಬೇಡವಾಗುವುದು, ಬದುಕೇ ಸಾಕು ಎನ್ನುವುದು — ಇವು ಕಂಡರೆ ತಡ ಮಾಡಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಪರದೆಯ ಮುಂದೆಯೇ ಬದುಕು ಕಳೆದುಹೋಗುತ್ತಿದ್ದರೆ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಈಗಿನ ಮೌನವನ್ನು ಆ ಪಟ್ಟಿಗೆ ಸೇರಿಸಬೇಡಿ, ಅದರ ಕಾರಣ ನಿಮಗೆ ಗೊತ್ತೇ ಇದೆ. ಅಪ್ಪನ ಫೋನ್ ಆದ ಮೇಲೂ ತಿಂಗಳುಗಟ್ಟಲೆ ಹೀಗೇ ಇದ್ದರೆ ಮತ್ತೆ ಬರೆಯಿರಿ.

ಮದುವೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಹುಡುಗಿ ಕಡೆಯವರು ಬರುವ ದಿನ ಆ ಕೋಣೆಗೆ ಬೀಗ ಹಾಕಬೇಡಿ, ಉಳಿದ ಪುಸ್ತಕಗಳನ್ನು ಅಟ್ಟಕ್ಕೆ ಸಾಗಿಸಲೂ ಬೇಡಿ. ಮದುವೆಯಾಗಿ ಬರುವವಳು ಆ ಪುಸ್ತಕಗಳ ಜೊತೆಯೇ ಬಾಳಬೇಕು. ಅದು ಅವಳಿಗೆ ಮೊದಲೇ ಗೊತ್ತಿರುವುದು ನ್ಯಾಯ. ವೈಟ್‌ಫೀಲ್ಡಿನಲ್ಲಿ ಕಾಮಿಕ್ ಕಾನ್ ನಡೆದಾಗ ಹೋಗಿ ನೋಡಿದರೆ ಸೂಪರ್‌ಹೀರೋ ವೇಷದಲ್ಲಿ ಬರುವ ಹುಡುಗಿಯರ ಗುಂಪೇ ಕಾಣುತ್ತದೆ, ಅವರೂ ನಮ್ಮ ನಿಮ್ಮಂಥ ಮನೆಗಳವರೇ. ಬಯೋಡೇಟಾದ ‘ಹವ್ಯಾಸ’ ಎಂಬಲ್ಲಿ ಈಗ ಏನು ಬರೆದಿದ್ದೀರಿ ಎಂದು ನೀವು ತಿಳಿಸಿಲ್ಲ. ಆ ಸಾಲನ್ನು ಅಳಿಸಿ, ಅವನ ಕೈಯಲ್ಲೇ ಬರೆಸಿ.