ನ್ಯಾಯಪೀಠ ಹೊರಿಸಿಕೊಂಡು ತಿರುಗಿದ ದೊರೆ

ಗೆಳೆಯರೇ, ಹೆರೋದ ಅಂದ್ರೆ ಕ್ರೂರ ರಾಜ ಅಂತ ನಿಮ್ಮಲ್ಲಿ ಕೆಲವರು ಕೇಳಿರಬಹುದು. ರೋಮ್ ಚಕ್ರವರ್ತಿಯ ಕೈಕೆಳಗೆ ಯೆಹೂದ್ಯರ ನಾಡನ್ನು ಆಳಿದವನು ಅವನು. ಪಿತೂರಿಯ ಸಂಶಯದಿಂದ ತನ್ನ ಮೂವರು ಗಂಡುಮಕ್ಕಳನ್ನೇ ಕೊಲ್ಲಿಸಿದ. ಅದೇ ಮನೆಯಲ್ಲಿ ಹುಟ್ಟಿ ಬೇರೆ ದಾರಿ ಹಿಡಿದ ಮಗನೊಬ್ಬನಿದ್ದ. ಅವನ ಹೆಸರು ಫಿಲಿಪ್ಪ.

ಕ್ರಿ.ಪೂ. 4ರಲ್ಲಿ ಹೆರೋದ ತೀರಿಕೊಂಡ. ಆಗ ಚಕ್ರವರ್ತಿ ಅಗಸ್ಟಸ್ ರಾಜ್ಯವನ್ನು ಮೂವರು ಮಕ್ಕಳಿಗೆ ಹಂಚಿದ. ಯೂದಾಯ ಸೇರಿದ ದೊಡ್ಡ ಪಾಲು ಅರ್ಖೆಲಾಯನಿಗೆ, ಗಲಿಲಾಯ ಅಂತಿಪನಿಗೆ ಹೋಯಿತು. ಗಲಿಲಾಯ ಸರೋವರದ ಆಚೆ, ಪೂರ್ವ ಮತ್ತು ಈಶಾನ್ಯದ ಸೀಮೆ ಫಿಲಿಪ್ಪನಿಗೆ ಬಂತು. ಅಂತಿಪನಿಗೆ ವರ್ಷಕ್ಕೆ 200 ತಲಾಂತು ವರಮಾನ, ಇವನಿಗೆ ಬರೀ 100. (ತಲಾಂತು ಅಂದರೆ ಆಗಿನ ಬೆಳ್ಳಿ ಹಣದ ಒಂದು ದೊಡ್ಡ ಲೆಕ್ಕ.)

ಫಿಲಿಪ್ಪ ಹೇಗೆ ಆಳಿದ ಗೊತ್ತಾ? ಜೋಸೆಫಸ್ ಎಂಬ ಯೆಹೂದ್ಯ ಇತಿಹಾಸಕಾರ ಇದನ್ನು ಬರೆದಿಟ್ಟಿದ್ದಾನೆ. ಫಿಲಿಪ್ಪ ತನ್ನ ಸೀಮೆ ಬಿಟ್ಟು ಹೋಗುತ್ತಿರಲಿಲ್ಲ. ಸಂಚಾರ ಹೊರಟರೆ ಜೊತೆಗೆ ಕೆಲವೇ ಮಂದಿ ಆಪ್ತರು. ನ್ಯಾಯ ಹೇಳುವ ಪೀಠವನ್ನೂ ಹೊರಿಸಿಕೊಂಡೇ ಹೋಗುತ್ತಿದ್ದ. ದಾರಿಯಲ್ಲಿ ಯಾರಾದರೂ ಬಂದು ಸಹಾಯ ಬೇಡಿದರೆ, ನಾಳೆ ಬಾ ಅನ್ನುವ ಮಾತಿಲ್ಲ. ಅಲ್ಲೇ ಪೀಠ ಇಳಿಸಿ, ಕೂತು, ದೂರು ಕೇಳುತ್ತಿದ್ದ. ತಪ್ಪು ಮಾಡಿದವರಿಗೆ ಶಿಕ್ಷೆ, ಸುಳ್ಳು ಆರೋಪಕ್ಕೆ ಸಿಕ್ಕವರಿಗೆ ಬಿಡುಗಡೆ.

ಇದರಲ್ಲೇನು ದೊಡ್ಡದು ಅಂತ ಕೇಳಬಹುದು. ಬಡವ ದೂರು ಹೇಳಲು ರಾಜಧಾನಿಗೆ ನಡೆಯಬೇಕಾದರೆ ಕೆಲಸ ಬಿಡಬೇಕು, ಬುತ್ತಿ ಕಟ್ಟಬೇಕು, ಬಾಗಿಲಲ್ಲಿ ಕಾಯಬೇಕು. ಎಷ್ಟೋ ಜನ ಅದಕ್ಕೇ ಸುಮ್ಮನಾಗಿಬಿಡ್ತಾರೆ. ಪೀಠವೇ ಊರಿಗೆ ಬಂದರೆ ಆ ಕಷ್ಟವಿಲ್ಲ.

ಹಾಗಂತ ಫಿಲಿಪ್ಪ ಸ್ವತಂತ್ರ ರಾಜನಲ್ಲ, ರೋಮಿನ ಸಾಮಂತ. ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖ ಅಚ್ಚು ಹಾಕಿಸಿದ. ಮೂರ್ತಿ, ಚಿತ್ರಗಳನ್ನು ಒಪ್ಪದ ಯೆಹೂದ್ಯರಿಗೆ ಅದು ಸಲ್ಲದ ಕೆಲಸ. ಆದರೆ ಅವನ ಪ್ರಜೆಗಳಲ್ಲಿ ಯೆಹೂದ್ಯರಲ್ಲದವರೇ ಹೆಚ್ಚು.

ಮೂವರ ಕೊನೆ ನೋಡಿ. ಪ್ರಜೆಗಳೇ ದೂರು ಕೊಟ್ಟಿದ್ದರಿಂದ ಅರ್ಖೆಲಾಯ ಕ್ರಿ.ಶ. 6ರಲ್ಲಿ ಗಡಿಪಾರಾದ. ಸ್ನಾನಿಕ ಯೋಹಾನನನ್ನು ಕೊಲ್ಲಿಸಿದ ಅಂತಿಪ, ರಾಜ ಪದವಿ ಕೇಳಲು ರೋಮಿಗೆ ಹೋಗಿ 39ರಲ್ಲಿ ಗಡಿಪಾರಾದ. ಫಿಲಿಪ್ಪ 37 ವರ್ಷ ಆಳಿ, 34ರ ಸುಮಾರಿಗೆ ತನ್ನ ನಾಡಿನಲ್ಲೇ ಕಣ್ಣುಮುಚ್ಚಿದ. ಮಕ್ಕಳಿರಲಿಲ್ಲವಾದ್ದರಿಂದ ಅವನ ಸೀಮೆಯನ್ನು ರೋಮ್ ಸಿರಿಯಾ ಪ್ರಾಂತ್ಯಕ್ಕೆ ಸೇರಿಸಿಕೊಂಡಿತು.

ಕ್ರೂರ ಹೆರೋದನ ಹೆಸರು ಎಲ್ಲರಿಗೂ ಗೊತ್ತು. ಅವನ ಈ ಮಗನ ಹೆಸರನ್ನೂ ನೆನಪಿಡೋಣ.

ಯೋಚಿಸಿ ಉತ್ತರಿಸಿ: ನ್ಯಾಯ ಸಿಗಲು ಒಳ್ಳೆಯ ತೀರ್ಪು ಒಂದೇ ಸಾಕೇ? ಅದು ಹತ್ತಿರವೂ ಇರಬೇಕೇ?