ಒಂದು ಮಾರು ದೂರ

ಕಲೆಗೆ ಆಶ್ರಯ ಬೇಕು. ಚಿತ್ರಕಾರನಿಗೆ ಬಣ್ಣ, ನರ್ತಕಿಗೆ ರಂಗಸ್ಥಳ, ನಾಟಕದವರಿಗೆ ತಾಲೀಮಿನ ಕೊಠಡಿ ಬೇಕು; ಇವೆಲ್ಲಕ್ಕಿಂತ ಮಿಗಿಲಾಗಿ ಹೊಟ್ಟೆಯ ಚಿಂತೆಯಿಲ್ಲದ ಕೆಲವು ದಿನಗಳು ಬೇಕು. ಹಿಂದೆ ಈ ಆಶ್ರಯವನ್ನು ಅರಸರೂ ಸಿರಿವಂತರೂ ಮಠಮಂದಿರಗಳವರೂ ನೀಡುತ್ತಿದ್ದರು. ಆಶ್ರಯದಾತನ ಅಭಿರುಚಿ ಉತ್ತಮವಾಗಿದ್ದರೆ ಕಲೆ ಬೆಳೆಯುತ್ತಿತ್ತು. ಅವನ ಮನಸ್ಸು ತಿರುಗಿದರೆ ಕಲಾವಿದನ ಮನೆಯ ಒಲೆ ಆರುತ್ತಿತ್ತು.

ಪ್ರಜಾಪ್ರಭುತ್ವದಲ್ಲಿ ಆಶ್ರಯದಾತನ ಸ್ಥಾನ ಪ್ರಜೆಗಳಿಗೇ ಬಂದಿದೆ. ಅವರು ತೆತ್ತ ತೆರಿಗೆಯ ಒಂದು ಪಾಲು ಕಲೆಗೆ ಸಲ್ಲುತ್ತದೆ. ಆದರೆ ಲಕ್ಷಾಂತರ ಜನ ಒಂದೆಡೆ ಕುಳಿತು ಒಂದು ನಾಟಕವನ್ನೋ ಒಂದು ಚಿತ್ರವನ್ನೋ ಆರಿಸಲಾರರು. ಅವರ ಪರವಾಗಿ ಆರಿಸುವವರು ಯಾರು? ಹಣ ಮಂಜೂರು ಮಾಡುವ ಅಧಿಕಾರಸ್ಥರೇ ಕಲೆಯ ಗುಣವನ್ನೂ ನಿರ್ಣಯಿಸಬೇಕೆ? ಅವರು ನಿರ್ಣಯಿಸದಿದ್ದರೆ ಜನರ ಹಣಕ್ಕೆ ಉತ್ತರ ಹೇಳುವವರು ಯಾರು? ಈ ಪ್ರಶ್ನೆಗಳಿಗೆ ಇಪ್ಪತ್ತನೆಯ ಶತಮಾನವು ಕಂಡುಕೊಂಡ ಉತ್ತರಗಳಲ್ಲಿ ಕಲಾ ಪರಿಷತ್ತು ಮುಖ್ಯವಾದುದು.

ಇದರ ಮೂಲವನ್ನು ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಕಾಣಬಹುದು. ಬಾಂಬುಗಳ ಭಯದಲ್ಲಿ ಬಾಳುತ್ತಿದ್ದ ಜನರ ಮನಸ್ಥೈರ್ಯ ಕುಂದದಿರಲೆಂದು 1940ರಲ್ಲಿ ಸಂಗೀತ ಮತ್ತು ಕಲೆಗಳ ಪ್ರೋತ್ಸಾಹಕ್ಕಾಗಿ ಅಲ್ಲಿ ಒಂದು ಮಂಡಲಿ ಸ್ಥಾಪಿತವಾಯಿತು. ಕಾರ್ಖಾನೆಗಳಿಗೂ ಸಣ್ಣ ಊರುಗಳಿಗೂ ಅದು ಸಂಗೀತವನ್ನೂ ನಾಟಕವನ್ನೂ ಕೊಂಡೊಯ್ದಿತು. ಸುಪ್ರಸಿದ್ಧ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1942ರಿಂದ ಅದರ ಅಧ್ಯಕ್ಷನಾಗಿದ್ದನು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಇದೇ ಮಂಡಲಿ ರಾಜಶಾಸನದ ಮೂಲಕ ಗ್ರೇಟ್ ಬ್ರಿಟನ್ನಿನ ಕಲಾ ಪರಿಷತ್ತಾಯಿತು. ಅದಕ್ಕಾಗಿ ದುಡಿದ ಕೇನ್ಸ್ ಆ ದಿನವನ್ನು ಕಾಣಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಅವನು ತೀರಿಕೊಂಡಿದ್ದನು.

ಈ ಪರಿಷತ್ತಿನ ಹಿಂದಿದ್ದ ತತ್ತ್ವ ಸರಳವಾದುದು. ಸರ್ಕಾರ ಹಣ ಕೊಡಬೇಕು. ಯಾರಿಗೆ, ಯಾವ ಕೃತಿಗೆ ಎಂಬುದನ್ನು ಮಾತ್ರ ಸ್ವತಂತ್ರವಾದ ಪರಿಷತ್ತು ತೀರ್ಮಾನಿಸಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ತೋಳಿನ ಉದ್ದವನ್ನು ಸೂಚಿಸುವ ಹೆಸರುಂಟು. ಕನ್ನಡದಲ್ಲಿ 'ಮಾರು ದೂರ' ಎಂದರೆ ಅದರ ಭಾವ ಚೆನ್ನಾಗಿ ತಿಳಿಯುತ್ತದೆ. ಕೈ ಚಾಚಿದರೆ ನೆರವು ಮುಟ್ಟಬೇಕು. ಆದರೆ ಕೊಟ್ಟವನು ಪಡೆದವನ ಕುಂಚವನ್ನು ಹಿಡಿಯುವಷ್ಟು ಹತ್ತಿರದಲ್ಲಿ ನಿಲ್ಲಬಾರದು.

ಈ ತತ್ತ್ವವು ಕಡಲು ದಾಟಿ ಕೆನಡಾ ದೇಶಕ್ಕೂ ಹೋಯಿತು. ವಿನ್ಸೆಂಟ್ ಮ್ಯಾಸ್ಸಿ ಎಂಬವನ ಅಧ್ಯಕ್ಷತೆಯ ಆಯೋಗವೊಂದು 1951ರಲ್ಲಿ ವರದಿ ಸಲ್ಲಿಸಿ, ಕಲೆಗೂ ವಿದ್ವತ್ತಿಗೂ ನೆರವಾಗುವ ಸ್ವತಂತ್ರ ಪರಿಷತ್ತು ಬೇಕೆಂದು ಸೂಚಿಸಿತು. ಅದಕ್ಕೆ ಹಣವೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಅನಿರೀಕ್ಷಿತವಾಗಿ ಬಂದಿತು. ಕಿಲಮ್ ಮತ್ತು ಡನ್ ಎಂಬ ಇಬ್ಬರು ಭಾರಿ ಉದ್ಯಮಿಗಳು ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಅವರ ಆಸ್ತಿಯ ಮೇಲೆ ಬಂದ ಮರಣೋತ್ತರ ತೆರಿಗೆಯ ಆದಾಯವೇ 1957ರಲ್ಲಿ ಸ್ಥಾಪಿತವಾದ ಕೆನಡಾ ಪರಿಷತ್ತಿಗೆ ಆಧಾರವಾಯಿತು. ಸರ್ಕಾರ ಕೊಟ್ಟ 10 ಕೋಟಿ ಡಾಲರುಗಳಲ್ಲಿ ಅರ್ಧದಷ್ಟು ವಿಶ್ವವಿದ್ಯಾನಿಲಯಗಳ ಕಟ್ಟಡಗಳಿಗೆ ಮೀಸಲಾಯಿತು. ಉಳಿದರ್ಧ ಪರಿಷತ್ತಿನ ಮೂಲನಿಧಿಯಾಯಿತು. ಮುಂದೆ 1963ರಲ್ಲಿ ಒಂಟಾರಿಯೋ ಪ್ರಾಂತಕ್ಕೆ ಒಂದು ಪರಿಷತ್ತು ಬಂದಿತು. ಅನಂತರ 1974ರಲ್ಲಿ ಆ ಪ್ರಾಂತದ ರಾಜಧಾನಿಯಾದ ಟೊರಾಂಟೋ ತನ್ನದೇ ಆದ ಕಲಾ ಪರಿಷತ್ತನ್ನು ಪಡೆಯಿತು. ಒಂದು ನಗರ ತನ್ನ ಕಲಾವಿದರನ್ನು ಹೇಗೆ ಪೋಷಿಸಬಹುದೆಂಬುದಕ್ಕೆ ಈ ಪರಿಷತ್ತು ಒಳ್ಳೆಯ ನಿದರ್ಶನ.

ಟೊರಾಂಟೋ ಕಲಾ ಪರಿಷತ್ತು ನಗರಸಭೆಯ ಇಲಾಖೆಯಲ್ಲ. ಲಾಭದ ಉದ್ದೇಶವಿಲ್ಲದ ಪ್ರತ್ಯೇಕ ಸಂಸ್ಥೆ. ನಗರಸಭೆಯು ತನ್ನ ವಾರ್ಷಿಕ ಆಯವ್ಯಯದಲ್ಲಿ ಅದಕ್ಕೆ ಇಂತಿಷ್ಟು ಮೊತ್ತವೆಂದು ನಿಗದಿ ಮಾಡುತ್ತದೆ. ಪರಿಷತ್ತಿನ ಆಡಳಿತ ಮಂಡಲಿಯಲ್ಲಿ ಕಲಾವಿದರೂ ಇತರ ನಾಗರಿಕರೂ ಸಂಬಳವಿಲ್ಲದೆ ಸೇವೆ ಸಲ್ಲಿಸುತ್ತಾರೆ. ನಗರಸಭೆಯ ಕೆಲವು ಸದಸ್ಯರೂ ಅದರಲ್ಲಿರುತ್ತಾರೆ. ಈ ಮಂಡಲಿ ನೀತಿಯನ್ನು ರೂಪಿಸುತ್ತದೆ. ಅರ್ಜಿಗಳು ನಿಯಮಾನುಸಾರ ಇವೆಯೇ ಎಂದು ನೋಡುವುದು, ಅರ್ಜಿದಾರರಿಗೆ ತಿಳಿವಳಿಕೆ ನೀಡುವುದು, ಹಣ ಬಟವಾಡೆ ಮಾಡುವುದು ಸಿಬ್ಬಂದಿಯ ಕೆಲಸ.

ಆದರೆ ಅರ್ಜಿಗಳ ಯೋಗ್ಯತೆಯನ್ನು ತೂಗುವವರು ಬೇರೆ. ಸಂಗೀತದ ಅರ್ಜಿಯನ್ನು ಸಂಗೀತಗಾರರೂ ನೃತ್ಯದ ಅರ್ಜಿಯನ್ನು ನೃತ್ಯ ಬಲ್ಲವರೂ ಸಾಹಿತ್ಯದ ಅರ್ಜಿಯನ್ನು ಲೇಖಕರೂ ಓದುತ್ತಾರೆ. ಕಲಾತ್ಮಕ ಗುಣವೇನು, ಯೋಜನೆ ಕೈಗೂಡುವಂತಹುದೆ, ಅದರಿಂದ ಊರಿನ ಜನಕ್ಕೂ ಕಲೆಗೂ ಆಗುವ ಪ್ರಯೋಜನವೇನು ಎಂಬುದನ್ನು ಅವರು ಪರಿಶೀಲಿಸಿ ಶಿಫಾರಸು ಮಾಡುತ್ತಾರೆ. ಅರ್ಜಿದಾರನು ತೀರ್ಪುಗಾರನ ಬಂಧುವೋ ಪಾಲುದಾರನೋ ಆಗಿದ್ದರೆ, ಆ ತೀರ್ಪುಗಾರ ಅದನ್ನು ಮುಂಚಿತವಾಗಿ ತಿಳಿಸಿ ಆ ಚರ್ಚೆಯಿಂದ ಹೊರಗುಳಿಯಬೇಕು. ತೀರ್ಪುಗಾರರು ಬದಲಾಗುತ್ತಿರುವುದರಿಂದ ಒಬ್ಬರ ಅಭಿರುಚಿಯೇ ನಗರದ ಅಭಿರುಚಿಯಾಗಿ ಬೇರೂರುವುದಿಲ್ಲ.

ನೆರವಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ನಾಟಕ, ಒಂದು ಪ್ರದರ್ಶನ, ಒಂದು ಪುಸ್ತಕದ ರಚನೆ, ಇಂತಹ ನಿರ್ದಿಷ್ಟ ಕಾರ್ಯಕ್ಕೆ ಕೊಡುವುದು ಮೊದಲನೆಯದು. ಬಹುಕಾಲದಿಂದ ನಡೆದುಬಂದ ಸಂಸ್ಥೆಯೊಂದರ ಬಾಡಿಗೆ, ಸಂಬಳ ಮೊದಲಾದ ನಿತ್ಯದ ವೆಚ್ಚಕ್ಕೆ ಕೊಡುವುದು ಎರಡನೆಯದು. ಮೊದಲನೆಯದು ಹೊಸಬರಿಗೆ ಬಾಗಿಲು ತೆರೆದರೆ ಎರಡನೆಯದು ಹಳಬರಿಗೆ ನೆಲೆ ಕೊಡುತ್ತದೆ. ಹೊಸಬರಿಗೇ ಎಲ್ಲವನ್ನೂ ಕೊಟ್ಟರೆ ಯಾವ ಸಂಸ್ಥೆಯೂ ಬಾಳಲಾರದು. ಹಳಬರಿಗೇ ಕೊಟ್ಟರೆ ಹೊಸದು ಮೊಳೆಯಲಾರದು. ಈ ಸಮತೋಲನವೇ ಪರಿಷತ್ತಿನ ಅತಿ ಕಠಿನವಾದ ಕೆಲಸವೆನ್ನಬಹುದು.

ಹಣ ಕೊಟ್ಟೊಡನೆ ಪರಿಷತ್ತಿನ ಹೊಣೆ ತೀರುವುದಿಲ್ಲ. ಕಾರ್ಯ ಮುಗಿದ ಮೇಲೆ ನೆರವು ಪಡೆದವರು ವರದಿ ಸಲ್ಲಿಸಬೇಕು. ಏನು ಮಾಡಿದರು, ಹಣ ಹೇಗೆ ವೆಚ್ಚವಾಯಿತು ಎಂಬುದನ್ನು ತಿಳಿಸಬೇಕು. ಪರಿಷತ್ತಿನ ಲೆಕ್ಕಪತ್ರಗಳೂ ವರ್ಷ ವರ್ಷ ಪರಿಶೋಧನೆಗೆ ಒಳಗಾಗುತ್ತವೆ. ಯಾರಿಗೆ ಎಷ್ಟು ಕೊಡಲಾಯಿತು ಎಂಬುದನ್ನು ಅದು ಪ್ರಕಟಿಸುತ್ತದೆ. ನಾಟಕ ಜನರಿಗೆ ಹಿಡಿಸಿತೆ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಪಡೆದ ಹಣ ನಾಟಕಕ್ಕೇ ಸಂದಿತೆ ಎಂಬುದು ಪ್ರಶ್ನೆ. ತೀರ್ಪಿನಲ್ಲಿ ದೂರ, ಲೆಕ್ಕದಲ್ಲಿ ಹತ್ತಿರ ಎಂಬುದೇ ಈ ವ್ಯವಸ್ಥೆಯ ಸಾರ.

ಈ ವ್ಯವಸ್ಥೆಗೆ ದೋಷಗಳಿಲ್ಲದಿಲ್ಲ. ಕಲಾವಿದರೇ ಕಲಾವಿದರನ್ನು ಆರಿಸುವಾಗ ಪರಿಚಿತವಾದ ಶೈಲಿಗೆ ಮನ್ನಣೆ ಹೆಚ್ಚಬಹುದು. ಅರ್ಜಿಯನ್ನು ಸೊಗಸಾಗಿ ಬರೆಯಬಲ್ಲವನು, ಸೊಗಸಾಗಿ ಹಾಡಬಲ್ಲವನನ್ನು ಹಿಂದಿಕ್ಕಬಹುದು. ಟೊರಾಂಟೋದಂತಹ ನಗರದಲ್ಲಿ ಇದು ಸಣ್ಣ ಮಾತಲ್ಲ. ಆ ನಗರದ ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಜನ ಹೊರದೇಶಗಳಲ್ಲಿ ಹುಟ್ಟಿದವರು. ಇದಲ್ಲದೆ 1998ರಲ್ಲಿ ಸುತ್ತಲಿನ ಐದು ಪೌರಾಡಳಿತಗಳು ಅದರೊಡನೆ ವಿಲೀನವಾದುವು. ನಾಟಕಶಾಲೆಗಳೂ ಚಿತ್ರಶಾಲೆಗಳೂ ಹೆಚ್ಚಾಗಿ ನಡುನಗರದಲ್ಲಿ. ತೆರಿಗೆ ತೆರುವವರಲ್ಲಿ ಬಹುಮಂದಿ ಅಂಚಿನ ಬಡಾವಣೆಗಳಲ್ಲಿ. ಈ ಅಂತರವನ್ನು ತಗ್ಗಿಸಲು ಪರಿಷತ್ತು ಹಲವು ಕಾರ್ಯಕ್ರಮಗಳನ್ನು ಕೈಗೊಂಡಿತು. ಸಾರ್ವಜನಿಕ ಗ್ರಂಥಾಲಯಗಳ ಶಾಖೆಗಳಿಗೆ ಕಲಾವಿದರನ್ನು ಕಳುಹಿಸಲಾಯಿತು. ಹೊಸದಾಗಿ ಬಂದ ವಲಸೆಗಾರ ಕಲಾವಿದರಿಗೆ ಅನುಭವಿಗಳ ಮಾರ್ಗದರ್ಶನ ದೊರೆಯುವಂತೆ ಮಾಡಲಾಯಿತು. 2016ರಿಂದ ಉದ್ಯಾನಗಳಲ್ಲಿ ಪ್ರದರ್ಶನಗಳನ್ನು ಏರ್ಪಡಿಸಲಾಯಿತು.

ಹಂಚುವುದಕ್ಕೆ ಮೊದಲು ಹಣವಿರಬೇಕಷ್ಟೆ. ಕಲೆಗೆ ನಗರವು ಮಾಡುವ ವೆಚ್ಚವನ್ನು ತಲಾ 25 ಡಾಲರುಗಳಿಗೆ ಏರಿಸಬೇಕೆಂದು ಟೊರಾಂಟೋದ 2003ರ ಸಾಂಸ್ಕೃತಿಕ ಯೋಜನೆ ಗುರಿಯಿಟ್ಟಿತು. ಆದರೆ ಅಂದುಕೊಂಡ ಕಾಲದಲ್ಲಿ ಅದು ಈಡೇರಲಿಲ್ಲ. ಅಷ್ಟರಲ್ಲಿ ನಗರದ ಕೆಲವರು ಒಂದು ಸೂಚನೆಯನ್ನು ಮುಂದಿಟ್ಟರು. ಬೀದಿಯ ನೋಟವನ್ನು ಜಾಹೀರಾತಿನ ದೊಡ್ಡ ಫಲಕಗಳು ಆಕ್ರಮಿಸಿವೆ. ಅವುಗಳ ಮೇಲೆ ತೆರಿಗೆ ವಿಧಿಸಿ ಆ ಹಣವನ್ನು ಕಲೆಗೆ ವಿನಿಯೋಗಿಸಬೇಕೆಂದು ಅವರು ವಾದಿಸಿದರು. 2009ರಲ್ಲಿ ನಗರಸಭೆ ತೆರಿಗೆಯನ್ನು ವಿಧಿಸಿತು. ಜಾಹೀರಾತು ಸಂಸ್ಥೆಗಳು ನ್ಯಾಯಾಲಯದ ಮೆಟ್ಟಿಲೇರಿದರೂ ತೆರಿಗೆ ಊರ್ಜಿತವಾಯಿತು. 2013ರಲ್ಲಿ ನಗರಸಭೆ ತಲಾ 25 ಡಾಲರುಗಳ ಗುರಿಯನ್ನು ಮತ್ತೆ ಎತ್ತಿಕೊಂಡು, ಈ ತೆರಿಗೆಯ ಆಧಾರದ ಮೇಲೆ ಕಲೆಯ ನೆರವನ್ನು ಹಂತಹಂತವಾಗಿ ಹೆಚ್ಚಿಸಲು ಒಪ್ಪಿತು.

ಮಾರು ದೂರ ಇಲ್ಲದಿದ್ದರೆ ಏನಾಗಬಹುದೆಂಬುದನ್ನು ನೆರೆಯ ಅಮೆರಿಕದ ನ್ಯೂಯಾರ್ಕ್ ನಗರದ ಒಂದು ಪ್ರಸಂಗ ತೋರಿಸಿಕೊಡುತ್ತದೆ. ಅಲ್ಲಿ ಕಲೆಯ ನೆರವನ್ನು ನಗರಾಡಳಿತದ ಇಲಾಖೆಯೇ ನೋಡಿಕೊಳ್ಳುತ್ತದೆ. ಬ್ರೂಕ್ಲಿನ್ ವಸ್ತುಸಂಗ್ರಹಾಲಯದ ಕಟ್ಟಡ ನಗರದ ಸ್ವತ್ತು. ಅದಕ್ಕೆ ನಗರದಿಂದ ವರ್ಷಕ್ಕೆ ಸುಮಾರು 70 ಲಕ್ಷ ಡಾಲರುಗಳ ನೆರವು ಸಲ್ಲುತ್ತಿತ್ತು. 1999ರಲ್ಲಿ ಅಲ್ಲಿ ಬ್ರಿಟಿಷ್ ಕಲಾವಿದರ ಪ್ರದರ್ಶನವೊಂದು ಏರ್ಪಾಡಾಯಿತು. ಅದರಲ್ಲಿದ್ದ, ಕ್ರಿಸ್ ಒಫಿಲಿ ಎಂಬ ಚಿತ್ರಕಾರನ ಮೇರಿಮಾತೆಯ ಚಿತ್ರಕ್ಕೆ ಆನೆಯ ಲದ್ದಿಯನ್ನೂ ಬಳಸಲಾಗಿತ್ತು. ಇದು ಧರ್ಮಕ್ಕೆ ಅಪಚಾರವೆಂದು ಬಗೆದ ಮೇಯರ್ ರೂಡಾಲ್ಫ್ ಜೂಲಿಯಾನಿ ಸಂಗ್ರಹಾಲಯಕ್ಕೆ ಸಲ್ಲಬೇಕಾದ ಹಣವನ್ನು ತಡೆಹಿಡಿದನು. ಕಟ್ಟಡದಿಂದಲೇ ಅದನ್ನು ಹೊರಹಾಕಲು ದಾವೆ ಹೂಡಿಸಿದನು. ಸಂಗ್ರಹಾಲಯವೂ ನ್ಯಾಯಾಲಯದ ಮೊರೆಹೊಕ್ಕಿತು. ನವೆಂಬರ್ 1ರಂದು ನ್ಯಾಯಾಧೀಶೆ ನೀನಾ ಗರ್ಶಾನ್ ಸಂಗ್ರಹಾಲಯದ ಪರವಾಗಿ ಆಜ್ಞೆಯಿತ್ತರು. ಒಂದು ಪ್ರದರ್ಶನದ ವಿಚಾರ ಅಧಿಕಾರಸ್ಥರಿಗೆ ರುಚಿಸಲಿಲ್ಲವೆಂಬ ಕಾರಣಕ್ಕೆ ನಗರವು ಸಂಸ್ಥೆಯನ್ನು ದಂಡಿಸುವುದು ಸಂವಿಧಾನಕ್ಕೆ ವಿರುದ್ಧವೆಂಬುದು ಆ ತೀರ್ಪಿನ ತಿರುಳು.

ಆ ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನ್ಯಾಯಾಲಯ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಅದನ್ನು ಮೆಚ್ಚದೆ ಪ್ರತಿಭಟಿಸುವ ಹಕ್ಕು ನಾಗರಿಕರಿಗೆ ಉಂಟು. ಆದರೆ ಬೊಕ್ಕಸದ ಬೀಗದ ಕೈ ಹಿಡಿದವನ ಮೆಚ್ಚಿಗೆಯೇ ಕಲೆಯ ಅಳತೆಗೋಲಾದರೆ ಕಲಾವಿದರು ಕೃತಿಯನ್ನು ಬಿಟ್ಟು ಅವನ ಮುಖವನ್ನು ನೋಡತೊಡಗುತ್ತಾರೆ. ಪ್ರಜೆಗಳ ಹಣ ಮತ್ತೆ ಒಬ್ಬ ಅರಸನ ಹಣವಾಗುತ್ತದೆ.

ಈ ಪ್ರಶ್ನೆ ಭಾರತಕ್ಕೂ ಹೊಸದಲ್ಲ. 1953ರಲ್ಲಿ ಸಂಗೀತ ನಾಟಕ ಅಕಾಡೆಮಿಯೂ 1954ರಲ್ಲಿ ಸಾಹಿತ್ಯ ಅಕಾಡೆಮಿ ಮತ್ತು ಲಲಿತ ಕಲಾ ಅಕಾಡೆಮಿಗಳೂ ಉದ್ಘಾಟನೆಗೊಂಡುವು. ಹಣ ಸರ್ಕಾರದ್ದು, ಆಡಳಿತ ಸ್ವಾಯತ್ತವಾದುದು ಎಂಬ ತಳಹದಿಯ ಮೇಲೆ ಅವು ನಿಂತಿವೆ. ಕರ್ನಾಟಕವೂ ಸಾಹಿತ್ಯ, ಸಂಗೀತ ನೃತ್ಯ, ನಾಟಕ, ಜಾನಪದ ಮೊದಲಾದುವಕ್ಕೆ ಅಕಾಡೆಮಿಗಳನ್ನು ಹೊಂದಿದೆ.

ಮಾರು ದೂರವೆಂಬುದು ಯಾವ ನಿಯಮದಿಂದಲೂ ಪೂರ್ಣವಾಗಿ ಭದ್ರವಾಗುವುದಿಲ್ಲ. ಒಟ್ಟು ಮೊತ್ತವನ್ನು ನಿರ್ಧರಿಸುವ ಅಧಿಕಾರ ಟೊರಾಂಟೋದಲ್ಲಿಯೂ ನಗರಸಭೆಯಲ್ಲಿಯೇ ಉಳಿದಿದೆ. ಹಣ ಕೊಡುವವರು ಸಂಯಮದಿಂದ ಇರಬೇಕು; ತೀರ್ಪು ಕೊಡುವವರು ಪಕ್ಷಪಾತವನ್ನು ತೊರೆಯಬೇಕು; ಪಡೆದವರು ಕಾಸುಕಾಸಿಗೂ ಲೆಕ್ಕ ಒಪ್ಪಿಸಬೇಕು. ಈ ಮೂವರಲ್ಲಿ ಒಬ್ಬರು ತಪ್ಪಿದರೂ ಉಳಿದಿಬ್ಬರ ಶ್ರಮ ವ್ಯರ್ಥವಾಗುತ್ತದೆ. ಮೂವರೂ ತಮ್ಮ ತಮ್ಮ ನೆಲೆಯಲ್ಲಿ ನಿಂತ ನಗರದಲ್ಲಿ ಕಲಾವಿದನು ಯಾರ ಹಂಗಿಗೂ ಒಳಗಾಗದೆ ಹಾಡಬಲ್ಲನು. ತೆರಿಗೆ ತೆತ್ತ ನಾಗರಿಕನು ಆ ಹಾಡು ತನ್ನದೂ ಹೌದೆಂದು ಕೇಳಬಲ್ಲನು.

ಅಭ್ಯಾಸ

1. ರಾಜಾಶ್ರಯಕ್ಕೂ ಕಲಾ ಪರಿಷತ್ತಿನ ನೆರವಿಗೂ ಇರುವ ವ್ಯತ್ಯಾಸವೇನು?
2. ಕೆನಡಾ ಪರಿಷತ್ತಿಗೆ ಮೂಲನಿಧಿ ದೊರೆತ ಬಗೆಯನ್ನು ತಿಳಿಸಿ.
3. ಟೊರಾಂಟೋ ಕಲಾ ಪರಿಷತ್ತಿನಲ್ಲಿ ಅರ್ಜಿಗಳನ್ನು ಪರಿಶೀಲಿಸುವ ಕ್ರಮವನ್ನು ವಿವರಿಸಿ.
4. 'ತೀರ್ಪಿನಲ್ಲಿ ದೂರ, ಲೆಕ್ಕದಲ್ಲಿ ಹತ್ತಿರ': ಈ ಮಾತನ್ನು ಸಂದರ್ಭಸಹಿತ ಸ್ಪಷ್ಟಪಡಿಸಿ.
5. ನಿಮ್ಮ ಊರಿನ ಪಂಚಾಯಿತಿ ಅಥವಾ ಪುರಸಭೆ ಕಲೆಗೆಂದು ಹಣ ತೆಗೆದಿರಿಸಿದರೆ ಅದನ್ನು ಹೇಗೆ ಹಂಚಬೇಕು? ತರಗತಿಯಲ್ಲಿ ಚರ್ಚಿಸಿ ಒಂದು ಪುಟದಷ್ಟು ಬರೆಯಿರಿ.